ಶಂಕ್ರೆವ್ವನ ಬಯಕೆ

ಬೆಟಗೇರಿಯ ನೇಕಾರ ಓಣಿಯಲ್ಲಿ ಶಂಕ್ರೆವ್ವ ಯಾರು ಎಂದು ಕೇಳಿ ನೋಡಿ. ಕಟ್ಟೆಯ ಮೇಲೆ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಅಕೀ ಏನ್ರಿ, ಉಡಿಕಿ ಆದಾಕಿ?" ಎನ್ನುತ್ತಾರೆ. ಯಾವ ಊರಲ್ಲಿ ಆದಳು, ಸೀರೆ ಉಡಿಸಿದ ಗಂಡನ ಹೆಸರೇನು ಎಂದು ಮುಂದಕ್ಕೆ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಗೊತ್ತಿರುವುದಾದರೂ ಹೇಗೆ? ಆ ಉಡಿಕಿ ಆಗಿಯೇ ಇಲ್ಲ.

ಗಂಡ ಸತ್ತವಳು ಇನ್ನೊಬ್ಬನ ಕೈಯಿಂದ ಸೀರೆ ಉಡಿಸಿಕೊಂಡು, ಕೈತುಂಬ ಹಸಿರು ಬಳೆ ಹಾಕಿಕೊಂಡು ಅವನ ಮನೆಗೆ ನಡೆಯುವುದಕ್ಕೆ ನಮ್ಮ ಕಡೆ ಉಡಿಕಿ ಎನ್ನುತ್ತಾರೆ. ಅದರಲ್ಲಿ ಮಾನಗೆಟ್ಟದ್ದೇನೂ ಇಲ್ಲ. ಓಣಿ ಒಪ್ಪುತ್ತದೆ, ದೈವವೂ ಒಪ್ಪುತ್ತದೆ. ದೈವ ಅಂದರೆ ಇಲ್ಲಿ ದೇವರಲ್ಲ, ಜಾತಿಯ ಹಿರಿಯರು ಕೂಡಿದ ಸಭೆ. ಆದರೆ ಒಂದು ಕಟ್ಟಳೆ ಇದೆ. ಉಡಿಕಿ ಆದವಳು ಮೊದಲ ಗಂಡನ ಹೊಸ್ತಿಲು ದಾಟುವಾಗ ಅಲ್ಲಿ ಹಡೆದ ಮಕ್ಕಳನ್ನು ಅಲ್ಲೇ ಬಿಟ್ಟು ದಾಟಬೇಕು. ಮಕ್ಕಳು ಸತ್ತವನ ಮನೆಯ ಪಾಲು. ಈ ಕಟ್ಟಳೆ ಮಾಡಿದವರು ಗಂಡಸರು ಎಂದು ಬೇರೆ ಹೇಳಬೇಕಾಗಿಲ್ಲ.

ಶಂಕ್ರೆವ್ವನಿಗೆ ಇದ್ದದ್ದು ಒಬ್ಬಳೇ ಮಗಳು, ನೀಲಾ. ಗಂಡ ಪರಸಪ್ಪ ವಿದ್ಯುತ್ ಮಗ್ಗದ ಮನೆಯಲ್ಲಿ ಕರೆಂಟು ಹೊಡೆದು ಸತ್ತಾಗ ಆ ಹುಡುಗಿ ಇನ್ನೂ ಒಂದನೆಯ ಇಯತ್ತೆ. ಅಂದಿನಿಂದ ತಾಯಿ ಮಗಳು ಇಬ್ಬರೂ ಪರಸಪ್ಪನ ಅಣ್ಣ ಕಲ್ಲಣ್ಣನ ಮನೆಯ ಹಿಂಬದಿ ಪಡಸಾಲೆಯಲ್ಲಿ ಇದ್ದರು. ಕಲ್ಲಣ್ಣ ಹೊಡೆಯುವವನಲ್ಲ, ಬಡಿಯುವವನಲ್ಲ. ಅವನ ಹೆಂಡತಿ ಫಕ್ಕೀರವ್ವನೂ ಹೊಟ್ಟೆಗೆ ಕಡಿಮೆ ಮಾಡಿದವಳಲ್ಲ. ಆದರೆ ನೀಲಾ ಐದನೆಯ ಇಯತ್ತೆಗೆ ಬರುವಷ್ಟರಲ್ಲಿ ವಾರಕ್ಕೆರಡು ದಿನ ಶಾಲೆ ತಪ್ಪಿಸಿ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಲು ಕೂಡಿಸುತ್ತಿದ್ದರು. ಫಕ್ಕೀರವ್ವನ ತಮ್ಮನೊಬ್ಬ ಮುಂಡರಗಿ ಕಡೆಯ ಹಳ್ಳಿಯಿಂದ ತಿಂಗಳಿಗೊಮ್ಮೆ ಬರುತ್ತಿದ್ದ. ಹೆಂಡತಿ ಸತ್ತ ಗಂಡಸು, ಮೀಸೆಯಲ್ಲಿ ಆಗಲೇ ಬೆಳ್ಳಿ ಕೂದಲು. ಬಂದಾಗಲೆಲ್ಲ ನೀಲಾಳಿಗೆ ಬಿಸ್ಕೀಟು ತರುತ್ತಿದ್ದ. ಫಕ್ಕೀರವ್ವ ನಗುತ್ತ, "ತಿನ್ನು ತಿನ್ನು, ನಿಮ್ಮ ಮಾಮಾನೇ ತಂದಾನ" ಎನ್ನುತ್ತಿದ್ದಳು. ಆ ನಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಶಂಕ್ರೆವ್ವನಿಗೆ ತಿಳಿಯದೆ ಇರಲಿಲ್ಲ. ಮಗಳನ್ನು ಕರೆದುಕೊಂಡು ಬೇರೆ ಇರಬೇಕು, ಎರಡೇ ಖೋಲಿಯಾದರೂ ತನ್ನದೇ ಬಾಗಿಲಿರಬೇಕು ಎನ್ನುವುದೊಂದು ಅವಳ ತಲೆಯಲ್ಲಿ ಕೂತುಬಿಟ್ಟಿತು.

ಗದಗ ಜಿಲ್ಲೆಯಾಗಿ ಹತ್ತು ಹನ್ನೆರಡು ವರ್ಷ ದಾಟಿದ್ದರೂ ಜನ ಇನ್ನೂ ಹೊಸ ಜಿಲ್ಲೆ ಎನ್ನುತ್ತಿದ್ದ ಕಾಲ ಅದು. ಗದಗಿನ ಪೇಟೆಯಲ್ಲಿ ಎರಡು ಮಾಳಿಗೆಯ ಸೀರೆ ಅಂಗಡಿ ಇಟ್ಟಿದ್ದ ಚೌಡವ್ವ ಒಂದು ದಿನ ನೇಕಾರ ಓಣಿಗೆ ಬಂದಳು. ಅವಳೂ ಇದೇ ಓಣಿಯಲ್ಲಿ ಕಂಡಿಕೆ ಸುತ್ತಿ ಬೆಳೆದವಳು. ಈಗ ಮಾತ್ರ ದೈವದ ಹಿರಿಯರು ಅವಳನ್ನು ಕಂಡರೆ ಖುರ್ಚಿ ಬಿಟ್ಟು ಏಳುತ್ತಿದ್ದರು. ಅವಳಿಗೆ ಒಬ್ಬನೇ ಮಗ, ಮನೋಹರ. ಸೊಸೆ ಸಪ್ನಾಳ ಗರ್ಭಕೋಶವನ್ನು ಯಾವುದೋ ಗಡ್ಡೆ ಎಂದು ತೆಗೆದುಹಾಕಿದ್ದರು. ಹುಬ್ಬಳ್ಳಿಯ ದೊಡ್ಡ ದವಾಖಾನೆಯೊಂದರಲ್ಲಿ ದಾರಿ ಹೇಳಿಕೊಟ್ಟಿದ್ದರು: ಬೀಜ ಅವನದು, ತತ್ತಿ ಅವಳದು, ಹೊಟ್ಟೆ ಮಾತ್ರ ಬೇರೆಯವರದು.

"ನಮ್ಮ ಜಾತಿದ ಹೊಟ್ಟಿ ಬೇಕಾಗಿತ್ತವಾ," ಎಂದಳು ಚೌಡವ್ವ, ಹಿತ್ತಲ ಬಾಗಿಲಲ್ಲಿ ಶಂಕ್ರೆವ್ವನನ್ನು ಕೂಡಿಸಿಕೊಂಡು. "ಗಂಡ ಇದ್ದಾಕಿ ಬ್ಯಾಡ. ಗಂಡ ಇದ್ದಾಕೀನ ತಗೊಂಡ್ರ ನಾಳೆ ಅವನೊಂದು ತಕರಾರು ತಗೀತಾನ. ನೀ ಒಬ್ಬಾಕಿ, ಹಿಂದಿಲ್ಲ ಮುಂದಿಲ್ಲ."

"ನನಗ ಮಗಳದಾಳ್ರಿ."

"ಅದಕ್ಕ ಹೇಳೂದು. ಅಕೀನ ಕರಕೊಂಡು ಇರಾಕ ಗದಗನ್ಯಾಗ ಒಂದು ಮನಿ ಬರದು ಕೊಡ್ತೀನಿ. ಅಂಗಡ್ಯಾಗ ಕೆಲಸ. ಹುಡುಗಿ ಚಲೋ ಸಾಲಿಗಿ ಹೋಗ್ಲಿ. ಒಂದ್ ವರ್ಷ ಕಣ್ ಮುಚ್ಚು, ಮುಗೀತು."

ಗಂಡಸಿನ ನೆರಳಿಲ್ಲದೆ ಬಸುರಾಗುವುದು ಹೇಗೆ ಎಂದು ಶಂಕ್ರೆವ್ವನಿಗೆ ನಂಬಿಕೆ ಬರಲು ನಾಲ್ಕು ದಿನ ಹಿಡಿಯಿತು. ನಂಬಿದ ಮೇಲೆ ಅವಳು ಬೇರೇನೂ ಕೇಳಲಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ಅಡಿಗೆ ಕೆಲಸ ಸಿಕ್ಕಿದೆ ಎಂದು ಮನೆಯಲ್ಲಿ ಹೇಳಿದಳು. ಹೊರಡುವಾಗ ನೀಲಾ ಸೆರಗು ಹಿಡಿದು ಬಿಡಲಿಲ್ಲ. "ಬರೂಮುಂದ ನಿನ್ನ ಕರಕೊಂಡು ಹೋಗಾಕ ಬರ್ತೀನಿ, ಬ್ಯಾರೆ ಮನಿ ಮಾಡೂಣು" ಎಂದು ಕಿವಿಯಲ್ಲಿ ಹೇಳಿದ ಮೇಲೆ ಬಿಟ್ಟಳು.

ದವಾಖಾನೆಯ ಡಾಕ್ಟರು ಒಳ್ಳೆಯ ಮಾತಿನವರು. ನೀವು ನಿಮ್ಮ ಇಚ್ಛೆಯಿಂದ ಬಂದಿರಾ ಎಂದು ಕೇಳಿದರು. "ಹೌದ್ರೀ" ಎಂದು ಚೌಡವ್ವ ಉತ್ತರ ಕೊಟ್ಟಳು. ಆಗ ಇದಕ್ಕೊಂದು ಕಾಯಿದೆ ಇರಲಿಲ್ಲ, ಕರಾರು ಪತ್ರ ಮಾತ್ರ ಇತ್ತು, ಅದೂ ಚೌಡವ್ವನ ಕೈಯಲ್ಲೇ ಉಳಿಯಿತು. ಕೂಸು ಯಾರದು, ಕೂಸಿಗೆ ಏನಾದರೂ ಆದರೆ ಏನು, ಎರಡು ಹುಟ್ಟಿದರೆ ಏನು, ಅರ್ಧಕ್ಕೆ ಹೋದರೆ ಏನು ಎಂದು ಎಲ್ಲವನ್ನೂ ಅದರಲ್ಲಿ ಬರೆದಿದ್ದರಂತೆ. ಹೊರುವವಳ ಮನೆಯಲ್ಲಿ ಇರುವ ಮಗಳ ಸುದ್ದಿ ಯಾಕೆ ಬರೆಯುತ್ತಾರೆ? ಯಾರಿಗೂ ಅದು ನೆನಪಾಗಲಿಲ್ಲ, ಶಂಕ್ರೆವ್ವನಿಗೂ ಆಗಲಿಲ್ಲ.

ಬಸುರು ನಿಂತಿತು. ಇಲ್ಲಿ ಗದಗಿನಲ್ಲಿ ಸಪ್ನಾ ಸೀರೆಯೊಳಗೆ ಅರಳೆ ತುಂಬಿದ ದಿಂಬು ಕಟ್ಟಿಕೊಂಡು, ಮೆಟ್ಟಿಲು ಹತ್ತುವಾಗ ಸೊಂಟದ ಮೇಲೆ ಕೈಯಿಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡಳು. ಅಲ್ಲಿ ಲಕ್ಷ್ಮೇಶ್ವರದಲ್ಲಿ, ಬಳೆ ಮಾರುವ ರಹಿಮತಬಿಯ ಮನೆಯ ಹಿಂದಿನ ಖೋಲಿಯಲ್ಲಿ ಶಂಕ್ರೆವ್ವನನ್ನು ಇಟ್ಟರು. ರಹಿಮತಬಿ ಚೌಡವ್ವನ ಅಂಗಡಿಯ ಮುಂದೆ ವರ್ಷಗಟ್ಟಲೆ ಬಳೆ ಮಾರಿದವಳು. ಗಂಡನಿಲ್ಲ, ಇಬ್ಬರು ಗಂಡುಮಕ್ಕಳು ಹುಬ್ಬಳ್ಳಿ ಸೇರಿದ್ದರು. ಅವಳಿಗೆ ಚೌಡವ್ವ ಹೇಳಿದ್ದು ಇಷ್ಟು: ಈಕೆ ನನ್ನ ಬಳಗದವಳು, ಗಂಡ ಮಿಲಿಟ್ರಿಯಲ್ಲಿದ್ದಾನೆ, ಅತ್ತೆಯ ಕಾಟ, ಹೆರಿಗೆಯವರೆಗೆ ಇಲ್ಲಿರಲಿ.

ಮೂರನೆಯ ತಿಂಗಳಲ್ಲಿ ಚೌಡವ್ವ ನೋಡಲು ಬಂದಳು. ಬಂದವಳು ಹೊಟ್ಟೆ ನೋಡಲಿಲ್ಲ, ಕೈ ನೋಡಿದಳು. ಬಳೆ ಅತ್ತೆ ಒಡೆದಳು ಎಂದು ಶಂಕ್ರೆವ್ವ ರಹಿಮತಬಿಗೆ ಹೇಳಿದ್ದಳು. ಆ ಬೋಳು ಕೈ ಕಂಡು ಚೌಡವ್ವನ ಮುಖ ಹುಳ್ಳಗಾಯಿತು. ರಂಡೆಮುಂಡೆಯ ಹೊಟ್ಟೆಯಲ್ಲಿ ತನ್ನ ಮೊಮ್ಮಗ ಬೆಳೆದರೆ ಅವನ ಅಪ್ಪನಿಗೆ, ಅಂದರೆ ಮನೋಹರನಿಗೆ ಕೇಡು ಎಂದು ಅವಳಿಗೆ ಎಲ್ಲಿಂದಲೋ ಹೊಳೆದುಬಿಟ್ಟಿತ್ತು. ತಕರಾರು ಮಾಡುವ ಗಂಡನಿರಬಾರದು ಎಂದು ವಿಧವೆಯನ್ನು ಹುಡುಕಿದವಳೇ ಇವಳು. ಈಗ ಹೊಟ್ಟೆ ವಿಧವೆಯದಾಗಬೇಕು, ಕೈ ಮುತ್ತೈದೆಯದಾಗಬೇಕು. ನಾಚಿಕೆ ಎನ್ನುವುದು ದುಡ್ಡಿರುವವರ ಮನೆಯ ಓಣಿಯಲ್ಲೇ ಹಾಯುವುದಿಲ್ಲ ನೋಡಿ.

"ರಹಿಮತಬಿ, ಈಕಿ ಕೈತುಂಬ ಹಸರ ಬಳಿ ಇಡು. ಬಸರಿ ಹೆಣಮಗಳು, ಬೋಳ ಕೈಲೆ ಕುಂತಾಳ."

ರಹಿಮತಬಿ ಬಳೆಯ ಮಲಾರ ಬಿಚ್ಚಿ ಕೂತಳು. ಶಂಕ್ರೆವ್ವ ಕೈ ಹಿಂದೆ ಎಳೆದುಕೊಂಡಳು. "ಬ್ಯಾಡ್ರಿ ಚೌಡವ್ವಾರ. ಇದೊಂದು ಬ್ಯಾಡ್ರಿ."

"ನಿನಗಲ್ಲ, ಕೂಸಿಗೆ," ಎಂದಳು ಚೌಡವ್ವ, ಹಲ್ಲು ಕಚ್ಚಿ. "ಕೈ ಕೊಡು."

ರಹಿಮತಬಿ ಬೆರಳು ಕೂಡಿಸಿ ಒತ್ತಿ ಒಂದೊಂದೇ ಏರಿಸಿದಳು. ಕೊನೆಗೆ ತನ್ನ ಕಡೆಯಿಂದ ಎಂದು ಒಂದು ಬಳೆ ಹೆಚ್ಚು ಹಾಕಿ, "ನಿನ್ನ ಗಂಡ ನೂರು ವರ್ಷ ಬಾಳಲಿ ತಂಗಿ" ಎಂದಳು. ಚೌಡವ್ವ ಕುಂಕುಮ ತೆಗೆದು ಹಣೆಗೆ ಒತ್ತಿದಳು. ಆ ರಾತ್ರಿ ಶಂಕ್ರೆವ್ವ ಅತ್ತಳು. ಮರುದಿನ ಬೆಳಿಗ್ಗೆ ನೀರು ಸೇದುವಾಗ ಬಳೆ ಸದ್ದು ಮಾಡಿದವು. ಅದು ಅವಳಿಗೆ ಹಿತವೆನಿಸಿತು, ಹಿತವೆನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಒಂದು ವಾರ ಹೋದ ಮೇಲೆ ಸಿಟ್ಟೂ ಬರಲಿಲ್ಲ. ರಹಿಮತಬಿಯ ಗಿರಾಕಿ ಹೆಂಗಸರು "ಎಷ್ಟು ತಿಂಗಳಾತವಾ?" ಎಂದು ಕೇಳಿದರೆ ನಕ್ಕು ಹೇಳುತ್ತಿದ್ದಳು. ಗಂಡ ಸತ್ತ ಮೇಲೆ ಅವಳ ಮುಖ ನೋಡಿ ಯಾರೂ ಅಷ್ಟು ಅಕ್ಕರೆಯಿಂದ ಮಾತಾಡಿಸಿರಲಿಲ್ಲ.

ಏಳನೆಯ ತಿಂಗಳಿಗೆ ಗದಗಿನಲ್ಲಿ ಸಪ್ನಾಳಿಗೆ ಕುಬಸದ ಕಾರ್ಯ, ಅಂದರೆ ಸೀಮಂತ, ಜೋರಾಗಿ ನಡೆಯಿತು. ದಿಂಬಿಗೆ ಆರತಿ ಬೆಳಗಿದರು. ಮಾರನೆಯ ದಿನ ಚೌಡವ್ವ ಉಳಿದ ಹೋಳಿಗೆ ಕಟ್ಟಿಸಿಕೊಂಡು ಲಕ್ಷ್ಮೇಶ್ವರಕ್ಕೆ ಬಂದಳು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟಿದ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮ ಹೆಂಗಸರು ನಂಬುತ್ತಾರೆ. ಚೌಡವ್ವ ಅದನ್ನು ಎಲ್ಲರಿಗಿಂತ ಹೆಚ್ಚು ನಂಬಿದ್ದಳು.

"ಏನ್ ಬಯಕಿ ಆಗೇತಿ ಹೇಳು. ಮಾವಿನಕಾಯಿ ಬೇಕೇನು, ಮಿರ್ಚಿ ಬೇಕೇನು? ಏನಿದ್ರೂ ನಾಚಬ್ಯಾಡ."

"ನನ್ನ ಮಗಳ್ನ ಒಮ್ಮೆ ನೋಡಬೇಕ್ರಿ," ಎಂದಳು ಶಂಕ್ರೆವ್ವ.

"ಅದು ಬಯಕಿ ಅಲ್ಲ. ತಿನ್ನೂದು ಹೇಳು."

"ಬ್ಯಾರೆ ಏನೂ ಬಾಯಿಗೆ ಬರವಲ್ದು. ಅನ್ನಕ್ಕ ಕೈ ಇಟ್ರೂ ಅಕಿನೇ ಕಣ್ಣಾಗ ಬರ್ತಾಳ. ನಾ ಸುಳ್ ಹೇಳಿದ್ರ ನಿಮ್ಮ ಕೂಸಿಗೇ ತಟ್ತೈತ್ರಿ."

ಮೊಮ್ಮಗನ ಕಿವಿ ಚೌಡವ್ವನ ಕಣ್ಣ ಮುಂದೆ ಬಂತು. ಬೇರೆಯವರ ಮಗಳಿಗೆ ಏನಾದೀತು ಎಂದು ಯೋಚಿಸಿದ್ದರೆ ಅವಳು ಚೌಡವ್ವನೇ ಆಗುತ್ತಿರಲಿಲ್ಲ. ಕೊನೆಗೆ ಒಪ್ಪಿದಳು: ದೂರದಿಂದ ನೋಡುವುದು, ಕಾರಿನಿಂದ ಇಳಿಯಬಾರದು, ಗಾಜು ಇಳಿಸಬಾರದು. ನೀಲಾ ಫೋನಿನಲ್ಲಿ ತಾಯಿಗೆ ಹೇಳಿದ್ದಳು, ಶನಿವಾರ ಶಾಲೆಯವರು ಬಿಂಕದಕಟ್ಟಿಗೆ ಮೃಗಾಲಯ ತೋರಿಸಲು ಕರೆದೊಯ್ಯುತ್ತಾರೆ ಎಂದು. ಅಲ್ಲಿ ನೇಕಾರ ಓಣಿಯ ದೊಡ್ಡವರು ಯಾರೂ ಬರುವುದಿಲ್ಲ. ಆ ದಿನ ಗೊತ್ತಾಯಿತು.

ಮೃಗಾಲಯದ ಬಾಗಿಲಿನ ಎದುರು ಬೇವಿನ ಮರದ ಕೆಳಗೆ ಕಾರು ನಿಂತಿತು. ಮಕ್ಕಳು ಇಬ್ಬಿಬ್ಬರು ಕೈ ಹಿಡಿದು ಸಾಲಾಗಿ ಹೊರಗೆ ಬಂದರು. ನೀಲಾ ಕೊನೆಯ ಸಾಲಿನಲ್ಲಿದ್ದಳು. ಎತ್ತರವಾಗಿದ್ದಳು, ತೆಳ್ಳಗಾಗಿದ್ದಳು. ಬಲಗೈಯ ಎರಡು ಬೆರಳಿಗೆ ಅರಿವೆಯ ಚಿಂದಿ ಸುತ್ತಿತ್ತು. ನೂಲು ಕೊಯ್ದ ಬೆರಳಿಗೆ ಹಾಗೆ ಸುತ್ತುತ್ತಾರೆ; ಶಂಕ್ರೆವ್ವನ ಕೈಯಲ್ಲೂ ಅಂಥ ಗೆರೆಗಳಿದ್ದವು. ವಾರಕ್ಕೆ ಎರಡು ದಿನ ಕೂತರೆ ಬೆರಳು ಅಷ್ಟು ಕೊಯ್ಯುವುದಿಲ್ಲ. ದಿನಾಲೂ ಕೂಡಿಸುತ್ತಿದ್ದಾರೆ ಎಂದು ಅವಳಿಗೆ ಆ ಚಿಂದಿಯೇ ಹೇಳಿತು. ಕರಾರು, ಕೂಸು, ಮನೆ ಎಲ್ಲ ಮರೆತು ಅವಳು ಕಾರಿನ ಬಾಗಿಲು ತೆಗೆದು ಇಳಿದಳು.

"ನೀಲಾ," ಎಂದಳು.

ಹುಡುಗಿ ತಿರುಗಿತು. ಮುಖವೆಲ್ಲ ನಗೆಯಾಗಿ ಸಾಲು ಬಿಟ್ಟು ಓಡಿ ಬಂತು. ನಾಲ್ಕು ಮಾರು ದೂರದಲ್ಲಿ ನಿಂತುಬಿಟ್ಟಿತು. ಕಣ್ಣು ಮೊದಲು ಹೊಟ್ಟೆಗೆ ಹೋಯಿತು, ಹೊಟ್ಟೆಯಿಂದ ಬಳೆಗೆ, ಬಳೆಯಿಂದ ಹಣೆಗೆ. ಶಂಕ್ರೆವ್ವ ಸೆರಗು ಎಳೆದು ಕೈ ಮುಚ್ಚಿಕೊಂಡಳು. ಮುಚ್ಚಿಕೊಳ್ಳದಿದ್ದರೆ ಏನಾದರೂ ಒಂದು ಹೇಳಿ ನಂಬಿಸಬಹುದಿತ್ತೋ ಏನೋ. ಮುಚ್ಚಿಕೊಂಡದ್ದನ್ನು ಕಂಡ ಮೇಲೆ ಹುಡುಗಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ನೇಕಾರ ಓಣಿಯಲ್ಲಿ ಬೆಳೆದ ಮಗು ಅದು. ಗಂಡ ಸತ್ತವಳ ಕೈಗೆ ಹಸಿರು ಬಳೆ ಬಂದರೆ ಏನರ್ಥ ಎಂದು ಅದಕ್ಕೆ ಗೊತ್ತಿತ್ತು.

"ನನ್ನ ಕರಕೊಂಡು ಹೋಗಾಕ ಬರ್ತೀನಿ ಅಂದಿದ್ದಿ," ಎಂದಿತು ಹುಡುಗಿ. ಅಷ್ಟೇ ಅಂದು ಹಿಂದೆ ತಿರುಗಿ ಸಾಲಿಗೆ ಹೋಗಿ ನಿಂತಿತು.

ಚೌಡವ್ವ ತೋಳು ಹಿಡಿದು ಎಳೆದು ಶಂಕ್ರೆವ್ವನನ್ನು ಕಾರಿಗೆ ಹಾಕಿದಳು. ದಾರಿಯುದ್ದಕ್ಕೂ ಬೈದಳು. ಲಕ್ಷ್ಮೇಶ್ವರ ಮುಟ್ಟಿದ ಮೇಲೆ ಮಾತ್ರ ಒಮ್ಮೆ ಹೊಟ್ಟೆಯ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡು, ಬಯಕಿ ತೀರ್ತಲ್ಲ" ಎಂದಳು.

ಗಂಡು ಹುಟ್ಟಿತು. ಹೊಟ್ಟೆ ಕೊಯ್ದು ತೆಗೆದರು, ಆದ್ದರಿಂದ ಶಂಕ್ರೆವ್ವ ಅಳುವ ಸದ್ದು ಕೇಳಿದಳೇ ಹೊರತು ಮುಖ ನೋಡಲಿಲ್ಲ. ಮಂಪರು ಇಳಿದಾಗ ಮಂಚದ ಹತ್ತಿರ ಚೌಡವ್ವ ಸಾಬೂನಿನ ನೀರು ಇಟ್ಟುಕೊಂಡು ಕೂತಿದ್ದಳು. ಕೈಗೆ ಸಾಬೂನು ಹಚ್ಚಿ ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದಳು. ಒಡೆಯಬಾರದು, ಕೂಸಿಗೆ ಒಳ್ಳೆಯದಲ್ಲ ಎಂದು ಬಹಳ ಜೋಪಾನ ಮಾಡಿದಳು. ಆಮೇಲೆ ಅದೇ ನೀರಲ್ಲಿ ಸೆರಗಿನ ತುದಿ ಅದ್ದಿ ಹಣೆಯ ಕುಂಕುಮ ಒರೆಸಿದಳು. ಪರಸಪ್ಪ ಸತ್ತ ದಿನ ಓಣಿಯ ಮುದುಕಿಯರು ಮಾಡಿದ್ದೂ ಇದೇ ಕೆಲಸ. ಅವರು ಮಾಡುವಾಗ ಜೊತೆಗೆ ಅತ್ತಿದ್ದರು. ಹಾಲು ಬತ್ತಲೆಂದು ನರ್ಸು ಗುಳಿಗೆ ಕೊಟ್ಟು ಎದೆಗೆ ಬಿಗಿಯಾಗಿ ಪಟ್ಟಿ ಕಟ್ಟಿದಳು.

ಹೊಲಿಗೆ ಬಿಚ್ಚಿದ ಮೇಲೆ ಶಂಕ್ರೆವ್ವ ಬೆಟಗೇರಿಗೆ ಬಂದಳು. ಕಲ್ಲಣ್ಣ ಬಾಗಿಲಲ್ಲಿ ಅಡ್ಡ ನಿಂತಿದ್ದ.

"ಉಡಿಕಿ ಆದಾಕಿಗೆ ಈ ಮನ್ಯಾಗ ಏನ್ ಕೆಲಸ?"

"ಯಾವ ಉಡಿಕಿ ಭಾವಾರ? ಯಾರ್ ಹೇಳಿದ್ರು?"

"ನಿನ್ನ ಹೊಟ್ಟ್ಯಾಗ ಹುಟ್ಟಿದಾಕಿನೇ ನೋಡಿ ಬಂದಾಳ. ಬಳಿ ಇವತ್ತು ತಗದು ಬಂದಿ, ಹೊಟ್ಟಿ ಎಲ್ಲಿ ಇಳಿಸಿ ಬಂದಿ? ದೈವದ ಮುಂದ ಬಂದು ಹೇಳು."

ನೀಲಾ ಒಳಗೆ ಕಂಡಿಕೆ ಸುತ್ತುತ್ತಿದ್ದಳು. ರಾಟೆಯ ಸದ್ದು ಕೇಳುತ್ತಿತ್ತು, ನಿಲ್ಲಲಿಲ್ಲ.

ಶಂಕ್ರೆವ್ವ ತಿರುಗಿ ಲಕ್ಷ್ಮೇಶ್ವರದ ಬಸ್ಸು ಹತ್ತಿ ರಹಿಮತಬಿಯ ಮುಂದೆ ಕೂತು ಮೊದಲಿನಿಂದ ಕೊನೆಯವರೆಗೆ ಇದ್ದದ್ದು ಇದ್ದಂತೆ ಹೇಳಿದಳು. ರಹಿಮತಬಿ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. "ರಂಡಮುಂಡಿ ಕೈಗೆ ನನ್ನ ಕೈಲೆ ಬಳಿ ಹಾಕ್ಸಿದ್ಲೇನು ಆ ಹೆಂಗಸು," ಎಂದು ಚೌಡವ್ವನನ್ನು ಬಾಯಿಗೆ ಬಂದಂತೆ ಬೈದಳು. ಆಮೇಲೆ, "ಅಳಬ್ಯಾಡ ತಂಗಿ. ನಾ ಬಂದು ದೈವದ ಮುಂದ ಸಾಕ್ಷಿ ಹೇಳ್ತೀನಿ. ಅಲ್ಲಾನ ಮ್ಯಾಲ ಆಣಿ, ಒಂದು ಸುಳ್ ಹೇಳೂದಿಲ್ಲ" ಎಂದಳು. ಅವಳು ಮಾತಿನಂತೆ ನಡೆದಳು, ಒಂದೂ ಸುಳ್ಳು ಹೇಳಲಿಲ್ಲ.

ದೈವ ಕೂಡಿದ್ದು ಯಾವಾಗ ಅಂದಿರಿ? ಚೌಡವ್ವನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ ದಿನ. ಸಮುದಾಯ ಭವನದಲ್ಲಿ ಹೋಳಿಗೆ ಊಟ, ಇಡೀ ಓಣಿಗೆ ಕರೆ. ಜನ ಹೇಗೂ ಕೂಡಿದ್ದಾರೆ, ಒಂದು ನ್ಯಾಯ ಮುಗಿಸಿಬಿಡೋಣ ಎಂದರು ಹಿರಿಯರು. ಎಲೆ ಎತ್ತಿದ ಜಮಖಾನೆಯ ಮೇಲೆಯೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಶಂಕ್ರೆವ್ವನನ್ನು ಕರೆಸಿದರು. ಒಂದು ಬದಿಗೆ ಹೆಂಗಸರು. ಅವರ ನಡುವೆ ಸಪ್ನಾ, ತೊಡೆಯ ಮೇಲೆ ಕೂಸು. ಫಕ್ಕೀರವ್ವನ ಪಕ್ಕದಲ್ಲಿ ನೀಲಾ.

ದೈವದ ಹಿರಿಯ ಸಂಗಪ್ಪ ಕೇಳಿದ. "ಉಡಿಕಿ ಆಗೀಯೇನವಾ?"

"ಇಲ್ರಿ."

"ಬಳಿ?"

ಶಂಕ್ರೆವ್ವ ರಹಿಮತಬಿಯ ಕಡೆ ನೋಡಿದಳು. ರಹಿಮತಬಿ ಎದ್ದು ನಿಂತಳು. "ಬಳಿ ನಾ ಹಾಕೇನ್ರಿ. ಆದ್ರ ಕೇಳ್ರಿ ಇಲ್ಲೆ..."

"ಹಸರ ಬಳಿ ಏನು?"

"ಹೌದ್ರಿ. ಆದ್ರ..."

"ಗಂಡ ಯಾರಂತ ಹೇಳಿದ್ರು?"

"ಮಿಲಿಟ್ರ್ಯಾಗ ಅದಾನ ಅಂದ್ರು. ಅದನ್ನ ಹೇಳಿದ್ದು ಈಕಿ ಅಲ್ರಿ, ಈ ಚೌಡವ್ವಾರು. ಕರಕೊಂಡು ಬಂದಾಕೀನೂ ಅವ್ರೇ."

ಭವನವೆಲ್ಲ ಚೌಡವ್ವನ ಕಡೆ ತಿರುಗಿತು. ಈಗ ಆಕೆ ಒಂದು ಮಾತು ಹೇಳಿದರೆ ಸಾಕು. "ನೀವ ಹೇಳ್ರಿ ಚೌಡವ್ವಾರ," ಎಂದಳು ಶಂಕ್ರೆವ್ವ. "ನನ್ನ ಮಗಳು ಕುಂತಾಳ ಇಲ್ಲೆ. ಇದ್ದದ್ದು ಹೇಳ್ರಿ."

ಚೌಡವ್ವ ಸೆರಗು ಸರಿಮಾಡಿಕೊಂಡಳು. "ಈಕಿ ನನಗ ಹೇಳಿದ್ದನ್ನ ನಾ ಅಕಿಗೆ ಹೇಳೇನಿ. ಯಾವನೋ ಮಿಲಿಟ್ರ್ಯಾವನ ಕೂಡ ಉಡಿಕಿ ಆಗೇನಿ, ಬಸರಿ ಅದೇನಿ, ಇರಾಕ ಜಾಗ ಇಲ್ಲ ಅಂತ ಬಂದು ಅತ್ಲು. ನಮ್ಮ ಓಣಿ ಹೆಣಮಗಳು, ಹಾದ್ಯಾಗ ಬಿಡಲ್ಯಾ? ಒಂದು ಖೋಲಿ ತೋರಿಸಿದೆ. ಉಪಕಾರ ಮಾಡಿದ್ದಕ್ಕ ಇದು ನೋಡ್ರಿ."

"ಹಂಗಾದ್ರ ಕೂಸು ಎಲ್ಲೈತಿ?" ಎಂದ ಸಂಗಪ್ಪ, ಶಂಕ್ರೆವ್ವನ ಕಡೆ ತಿರುಗಿ.

ಅದೇ ಹೊತ್ತಿಗೆ ಸಪ್ನಾಳ ತೊಡೆಯ ಮೇಲಿನ ಕೂಸು ಎದ್ದು ಅಳತೊಡಗಿತು. ಹಸಿವಿನ ಅಳು. ಸಪ್ನಾ ಬಾಟಲಿಯ ಹಾಲು ಬಾಯಿಗಿಟ್ಟರೆ ತಲೆ ಹೊರಳಿಸಿ ಮತ್ತೂ ಜೋರಾಗಿ ಅತ್ತಿತು. ಗುಳಿಗೆ ನುಂಗಿಸಿದರೇನು, ಪಟ್ಟಿ ಕಟ್ಟಿದರೇನು. ಶಂಕ್ರೆವ್ವನ ಕುಪ್ಪಸ ಎಲ್ಲರ ಕಣ್ಣೆದುರಿಗೇ ತೊಯ್ದಿತು. ಸೆರಗು ಎಳೆದುಕೊಂಡಳು, ಸೆರಗೂ ತೊಯ್ದಿತು. ಹೆಂಗಸರ ನಡುವೆ ಗುಜುಗುಜು ಎದ್ದಿತು. "ಹಾಲು ಬಂದೈತಿ, ಇನ್ನ ಸಾಕ್ಷಿ ಯಾಕ ಬೇಕು," ಎಂದಳು ಒಬ್ಬ ಮುದುಕಿ.

ಅಲ್ಲಿ ಹಡೆದ ಹೆಂಗಸರು ಅಷ್ಟು ಮಂದಿ ಇದ್ದರು. ಯಾವ ಕೂಸು ಅತ್ತಿತು, ಯಾರ ಎದೆ ತೊಯ್ದಿತು ಎಂದು ಒಬ್ಬರಿಗಾದರೂ ತಿಳಿಯಲಿಲ್ಲವೇ? ತಿಳಿದಿರಬೇಕು. ಚೌಡವ್ವನ ಹೋಳಿಗೆ ಇನ್ನೂ ಹೊಟ್ಟೆಯಲ್ಲಿತ್ತು.

ಶಂಕ್ರೆವ್ವನಿಗೆ ಇನ್ನು ತಡೆಯಲಾಗಲಿಲ್ಲ. "ಆ ಕೂಸೇ ನಾ ಹಡದದ್ರಿ," ಎಂದಳು, ಕೈ ಚಾಚಿ. "ಅವ್ರದೇ ಕೂಸು, ನಾ ಹೊತ್ತು ಕೊಟ್ಟೇನಿ. ಮನೋಹರಪ್ಪಂದು ಐತಿ, ದವಾಖಾನ್ಯಾಗ..."

ಮಾತು ಮುಗಿಯಲಿಲ್ಲ. ಗಂಡಸರ ಸಾಲಿನಿಂದ ಒಬ್ಬ ನಕ್ಕ. ಸಂಗಪ್ಪನ ಮುಖ ಗಂಟಾಯಿತು. "ಏನಂದಿ? ಮನೋಹರಂದು ಏನು? ಹಂಗಾದ್ರ ಮನೋಹರಗ ಬಸರಾಗಿದ್ದಿ ಅನ್ನು. ಉಡಿಕಿ ಅಲ್ಲ, ಹಾದರ."

ಮನೋಹರ ತಲೆ ತಗ್ಗಿಸಿ ಕೂತಿದ್ದ, ಎತ್ತಲಿಲ್ಲ. ಫಕ್ಕೀರವ್ವ ಗಟ್ಟಿಯಾಗಿಯೇ ಹೇಳಿದಳು: "ಇಂಥಾಕಿ ಮಗಳ್ನ ನಾಳೆ ಯಾರ್ ಮಾಡ್ಕೋತಾರ? ಸೂಳಿ ಮಗಳು ಅಂತ ಓಣ್ಯಾಗ ತಿರಗಬೇಕು ಈ ಹುಡುಗಿ."

ನೀಲಾ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು. ಬೆರಳಿನ ಚಿಂದಿ ಹಾಗೇ ಇತ್ತು. ಶಂಕ್ರೆವ್ವ ಅದನ್ನೇ ನೋಡುತ್ತ ನಿಂತಳು. ಖರೆ ಹೇಳಿದರೆ ಈ ಮಗು ಹಾದರಗಿತ್ತಿಯ ಮಗಳಾಗುತ್ತದೆ. ಸುಳ್ಳು ಹೇಳಿದರೆ ಮರ್ಯಾದಸ್ತ ಹೆಂಗಸಿನ ಮಗಳಾಗಿ ಉಳಿಯುತ್ತದೆ, ತನಗೆ ಮಾತ್ರ ಉಳಿಯುವುದಿಲ್ಲ. ಅವಳಿಗೆ ಯೋಚಿಸಲು ಬಹಳ ಹೊತ್ತು ಬೇಕಾಗಲಿಲ್ಲ.

"ಇಲ್ರಿ," ಎಂದಳು. "ಸಿಟ್ಟಿನ್ಯಾಗ ಸುಳ್ ಹೇಳಿದೆ. ಚೌಡವ್ವಾರು ಹೇಳಿದ್ದ ಖರೆ. ಉಡಿಕಿ ಆಗೇನಿ."

"ಕೂಸು?"

"ಸತ್ತ ಹುಟ್ಟಿತ್ರಿ."

"ಗಂಡ?"

"ಬಿಟ್ಟು ಹೋದ."

ರಹಿಮತಬಿ, "ಏನ್ ಹೇಳಾಕತ್ತೀಯ ಹುಚ್ಚಿ," ಎಂದು ತೋಳು ಹಿಡಿದಳು. ಶಂಕ್ರೆವ್ವ ಬಿಡಿಸಿಕೊಂಡಳು. ದೈವಕ್ಕೆ ಸಮಾಧಾನವಾಯಿತು. ಉಡಿಕಿ ಆದವಳಿಗೆ ಪರಸಪ್ಪನ ಮನೆಯ ಮೇಲೂ ಮಗಳ ಮೇಲೂ ಹಕ್ಕಿಲ್ಲ ಎಂದು ಹೇಳಿ ಮುಗಿಸಿದರು. ಕಾಯಿದೆ, ಕೋರ್ಟು ಅಂತ ಹೋಗಬಹುದಿತ್ತಲ್ಲ ಎನ್ನುವವರು ಇದ್ದಾರೆ. ಹೋಗಿ ಏನು ಹೇಳಬೇಕಿತ್ತು ಅವಳು? ಆ ಹುಡುಗಿಯ ಮುಂದೆ ಮತ್ತೊಮ್ಮೆ ಅದೇ ಮಾತು ಎತ್ತಬೇಕಿತ್ತೇ? ಸಂಗಪ್ಪ ಬಾಯಿಮಾತಿಗೆ ನೀಲಾಳನ್ನೂ ಕೇಳಿದ. "ದೊಡ್ಡವ್ವನ ಕೂಡ ಇರ್ತೀನಿ," ಎಂದಳು ನೀಲಾ, ತಾಯಿಯ ಕಡೆ ನೋಡದೆ.

ಕೊಡುತ್ತೇನೆಂದಿದ್ದ ಮನೆಯ ಮಾತನ್ನು ಶಂಕ್ರೆವ್ವ ಒಂದೇ ಸಲ ಎತ್ತಿದಳು. "ಮಗಳ ಸಂಬಂಧ ಮನಿ ಕೇಳಿದ್ದಿ," ಎಂದಳು ಚೌಡವ್ವ. "ಮಗಳೇ ಇಲ್ಲ ಅಂದ್ಮ್ಯಾಲ ಒಬ್ಬಾಕಿಗೆ ಮನಿ ಯಾಕ ಬೇಕು?" ಅಂಗಡಿಯ ಕೆಲಸ ಮಾತ್ರ ಕೊಟ್ಟಳು. ಕರುಣೆಯಿಂದಲ್ಲ, ಹೊರಗೆ ಬಿಟ್ಟರೆ ಬಾಯಿ ಬಿಟ್ಟಾಳು, ಕಣ್ಣೆದುರಿಗಿದ್ದರೆ ಅನ್ನಕ್ಕೆ ಅಂಜಿ ಸುಮ್ಮನಿರುತ್ತಾಳೆ ಎಂದು. ಗಿರಾಕಿಗೆ ಸೀರೆ ಬಿಚ್ಚಿ ತೋರಿಸುವುದು, ಅವರು ಹೋದ ಮೇಲೆ ಮಡಚಿ ಇಡುವುದು. ಮಾಳಿಗೆಯ ಮೇಲಿನ ಗೋದಾಮಿನಲ್ಲಿ ಮಲಗುವುದು. ಚೌಡವ್ವನ ಮೊಮ್ಮಗ ದುಡ್ಡಿನ ಗಲ್ಲೆಯ ಹತ್ತಿರ ಆಡುತ್ತ ಬೆಳೆದ. ಅವನನ್ನು ಎತ್ತಿಕೊಳ್ಳಲು ಶಂಕ್ರೆವ್ವನಿಗೆ ಅಪ್ಪಣೆ ಇರಲಿಲ್ಲ. ಅವಳಿಗೆ ಅವನನ್ನು ಎತ್ತಿಕೊಳ್ಳುವ ಮನಸ್ಸೂ ಆಗಲಿಲ್ಲ. ಅವನ ಮುಖ ಕಂಡಾಗಲೆಲ್ಲ ಅವಳಿಗೆ ನೆನಪಾಗುತ್ತಿದ್ದದ್ದು ಬೇರೆಯೇ ಮುಖ.

ಆ ಮುಖ ಒಂದು ದಿನ ಅಂಗಡಿಗೇ ಬಂತು. ಹುಡುಗನನ್ನು ಶಾಲೆಗೆ ಹಾಕಿದ ವರ್ಷ ಅದು. ಫಕ್ಕೀರವ್ವ ಮದುವೆಯ ಜವಳಿ ತೆಗೆಯಲು ಬಂದಿದ್ದಳು, ಹಿಂದೆ ನೀಲಾ. ಮದುವೆಯ ವಯಸ್ಸು ಇನ್ನೂ ತುಂಬಿರಲಿಲ್ಲ. ಮುಂಡರಗಿ ಕಡೆಯ ಹಳ್ಳಿಯಲ್ಲಿ ಸದ್ದಿಲ್ಲದೆ ಅಕ್ಕಿಕಾಳು ಹಾಕುವುದಂತೆ. ಗಂಡು ಬಿಸ್ಕೀಟು ತರುತ್ತಿದ್ದ ಮಾಮಾನೇ.

ಶಂಕ್ರೆವ್ವ ಗಾದಿಯ ಮೇಲೆ ಸೀರೆ ಹಾಸಿದಳು. ಒಂದು ಸೀರೆ ಗಾದಿಯಿಂದ ಜಾರಿತು. ನೀಲಾ ಬಾಗಿ ಅದನ್ನು ಎತ್ತಿ ಕೊಟ್ಟಳು. ಬೆರಳ ತುಂಬ ನೂಲಿನ ಗೆರೆ.

"ನೀಲಾ, ಈ ಲಗ್ನ ನಿನಗ ಮನಸೈತೇನವಾ?" ಎಂದಳು ಶಂಕ್ರೆವ್ವ, ಫಕ್ಕೀರವ್ವ ಬೇರೆ ಕಡೆ ನೋಡುವಾಗ.

ನೀಲಾ ಸೀರೆಯ ಅಂಚಿನ ಮೇಲೆ ಕೈಯಾಡಿಸುತ್ತಿದ್ದಳು. "ನನ್ನ ಮನಸ ಯಾರ್ ಕೇಳ್ಯಾರ," ಎಂದಳು. "ನೀನು ಹೋಗೂಮುಂದ ಕೇಳಿ ಹೋಗಿದ್ದೇನು?"

ಶಂಕ್ರೆವ್ವನ ಬಾಯಿಗೆ ಎಲ್ಲವೂ ಬಂತು. ಬಳೆ ಯಾರಿಗಾಗಿ ಹಾಕಿಕೊಂಡೆ, ಹೊಟ್ಟೆ ಯಾರಿಗಾಗಿ ಕೊಟ್ಟೆ, ಬಿಂಕದಕಟ್ಟಿಯಲ್ಲಿ ಕಾರಿನಿಂದ ಯಾಕೆ ಇಳಿದೆ. ಗಲ್ಲೆಯ ಮೇಲೆ ಚೌಡವ್ವ ಕೂತಿದ್ದಳು, ತೊಡೆಯ ಮೇಲೆ ಮೊಮ್ಮಗ. ಹೇಳಿದರೆ ಹಾದರಗಿತ್ತಿಯ ಮಗಳು ಎಂಬ ಮಾತು ಮದುವೆಗೆ ಮೊದಲೇ ಮುಂಡರಗಿ ಮುಟ್ಟುತ್ತದೆ. ಶಂಕ್ರೆವ್ವ ಬಾಯಿ ಮುಚ್ಚಿಕೊಂಡು ಮಗಳು ಆರಿಸಿದ ಸೀರೆಯನ್ನು ಮಡಚಿ ಚೀಲಕ್ಕೆ ಹಾಕಿದಳು.

ಫಕ್ಕೀರವ್ವ ಹೋಗುವಾಗ ಹುಡುಗನ ಗಲ್ಲ ಹಿಡಿದು, "ಮೊಮ್ಮಗ ಭಾಳ ಚಂದ ಬೆಳದಾನ ನೋಡ್ರಿ ಚೌಡವ್ವಾರ, ಒಂದು ಜಡ್ಡಿಲ್ಲ ಜಾಪತ್ತಿಲ್ಲ," ಎಂದಳು.

"ಸುಮ್ನ ಬೆಳೀತಾವೇನವಾ ಮಕ್ಕಳು?" ಎಂದಳು ಚೌಡವ್ವ, ಹುಡುಗನ ಕಿವಿಯ ಹಿಂದೆ ಕೈಯಾಡಿಸುತ್ತ. "ಬಸರಿದ್ದಾಗ ಏನ್ ಬಯಕಿ ಆತೋ ಒಂದೂ ಉಳಸಲಿಲ್ಲ ನಾ, ಎಲ್ಲಾ ತೀರ್ಸಿದೆ. ಅದಕ್ಕ ನೋಡು, ಇವತ್ತಿನತನಕ ಇವನ ಕಿವಿ ಒಂದ್ ದಿನಾ ಸೋರಿಲ್ಲ."

ನೀಲಾ ಚೀಲ ಹಿಡಿದುಕೊಂಡು ದೊಡ್ಡವ್ವನ ಹಿಂದೆ ಮೆಟ್ಟಿಲು ಇಳಿದಳು. ಶಂಕ್ರೆವ್ವ ಬಿಚ್ಚಿ ಬಿದ್ದಿದ್ದ ಉಳಿದ ಸೀರೆಗಳನ್ನು ಮಡಚಲು ಕೂತಳು.